ಬಿಜಾಪುರ ಅಂದ್ರ ಜರ್ಸಿ ಹೋಗಂಗಿಲ್ಲಂತ!

ನಮ್ಮ ಅಕ್ಕನ ಮಗ ಬೆಂಗಳೂರಾಗ ಜಾಹೀರಾತು ಕಂಪನಿಯೊಳಗ ನೌಕರಿ ಮಾಡ್ತಾನ, ಶಾಣ್ಯಾ ಹುಡುಗ, ಅದರಾಗ ಎರಡು ಮಾತಿಲ್ಲ. ರಜಾಕ್ಕ ಊರಿಗೆ ಬಂದಾಂವ ನಿನ್ನೆ ರಾತ್ರಿ ಊಟಕ್ಕ ಕುಂತಾಗ ರೊಟ್ಟಿ ಮುರಕೋತ ಅಂದ, “ಮಾಮಾ, ನೀವು ಸಿಟ್ಟಿಗೆ ಬರಬ್ಯಾಡ್ರಿ, ಬಿಜಾಪುರದ ಹೆಸರಿನ ಮ್ಯಾಲ ಟೀಮ್ ಮಾಡಿದ್ರ ಸ್ಪಾನ್ಸರ್ ಬರಂಗಿಲ್ಲ, ಜರ್ಸಿ ಹೋಗಂಗಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು ಅಂದ್ರ ಹೊರಗಿನವರಿಗೆ ಗೊತ್ತಿರ್ತದ. ನಮ್ಮೂರ ಹೆಸರಿಗೆ ಮಾರ್ಕೆಟ್ ಇಲ್ರಿ.”

ಸಿಟ್ಟಿಗೆ ಬರಬ್ಯಾಡ್ರಿ ಅಂದ್ರ ಹೆಂಗ್ರಿ ಬರಲಾರದ ಇರೂದು? ರಾತ್ರಿ ನಿದ್ದಿ ಹತ್ತಲಿಲ್ಲ, ಅದಕ್ಕ ಬೆಳಿಗ್ಗೆ ಎದ್ದು ಇದನ್ನ ಬರಿಯಾಕತ್ತೀನಿ, ಉದ್ದ ಆಗತೈತಿ, ಪೂರ್ತಿ ಓದ್ರಿ.

ನಾ ಬಿಜಾಪುರ ಬುಲ್ಸ್ ಅಭಿಮಾನಿ ಅನ್ನೂದು ಇಲ್ಲಿ ಇರೂ ಗೆಳ್ಯಾರಿಗೆಲ್ಲಾ ಗೊತ್ತೈತಿ. ಕೆಪಿಎಲ್ ಅಂದ್ರ ನಮ್ಮ ರಾಜ್ಯದ ಕ್ರಿಕೆಟ್ ಲೀಗ್, ಕರ್ನಾಟಕ ಪ್ರೀಮಿಯರ್ ಲೀಗ್, ಅದು ಇದ್ದಾಗ 2015ರಾಗ ಕಪ್ ಗೆದ್ದವರು ಯಾರು? ಬಿಜಾಪುರ ಬುಲ್ಸ್. 2018ರಾಗ ಫೈನಲ್‌ನ್ಯಾಗ ಬೆಂಗಳೂರು ಬ್ಲಾಸ್ಟರ್ಸ್‌ನ ಸೋಲಿಸಿ ಮತ್ತ ಗೆದ್ದವರು ಯಾರು? ಅವರ. ನಡುವ 2017ರ ಫೈನಲ್ ನೆನಪೈತೇನ್ರಿ, ಹುಬ್ಬಳ್ಳಿ ಗ್ರೌಂಡಿನ್ಯಾಗ ಬೆಳಗಾವಿ ಪ್ಯಾಂಥರ್ಸ್ ಮತ್ತ ಬಿಜಾಪುರ ಬುಲ್ಸ್, ಎರಡೂ ನಮ್ಮ ಕಡೀವ, ಬೆಳಗಾವಿಯವರು ಗೆದ್ದ್ರು, ನಮಗ ಹೊಟ್ಟಿ ಉರೀತು, ಆದ್ರ ಇಡೀ ರಾಜ್ಯದ ಕಪ್ಪಿಗೆ ಬೆಳಗಾವಿಯವರು ವಿಜಯಪುರದವರು ಬಡದಾಡಾಕತ್ತಾರ ಅಂತ ಎದಿ ಉಬ್ಬಿತ್ತು. ಈಗ ನೋಡ್ರಿ. 2022ರಿಂದ ಕೆಪಿಎಲ್ ಜಾಗಾದಾಗ ಮಹಾರಾಜ ಟ್ರೋಫಿ ನಡ್ಯಾಕತ್ತೈತಿ, ಆರು ಟೀಮು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಗುಲ್ಬರ್ಗ. 2015ರಿಂದ 2018ರ ತನಕ ನಾಕು ವರ್ಷದೊಳಗ ಮೂರು ಕಪ್ ತಂದ ಎರಡು ಊರಿನ ಹೆಸರು ಆ ಪಟ್ಟಿಯೊಳಗ ಇಲ್ಲ. ಬಾಗಲಕೋಟಿ ಹೆಸರು ಮೊದಲೂ ಇರಲಿಲ್ಲ, ಈಗೂ ಇಲ್ಲ, ಅವರನ್ನ ಕೇಳಿದವರೂ ಇಲ್ಲ.

“ಏ ಅದು ಫಿಕ್ಸಿಂಗ್ ಗಲಾಟ್ಯಾಗ ಹೋತಪಾ” ಅಂತ ಯಾರರ ಅಂತೀರಿ, ಗೊತ್ತೈತಿ. 2019ರಾಗ ಪೊಲೀಸ್ ಕೇಸಾತು, ಕೆಪಿಎಲ್ಲ ನಿಂತು ಹೋತು, ಖರೆ. ತಪ್ಪು ಮಾಡಿದವರ ಮ್ಯಾಲ ಕೇಸ್ ನಡೀಲಿ, ನನಗ ಅವರ ಮ್ಯಾಲ ಕನಿಕರ ಇಲ್ಲ. ಆದ್ರ ಮಾಲೀಕ ಬ್ಯಾರೆ, ಊರು ಬ್ಯಾರೆ. ಬಿಸಲಾಗ ನಿಂತು ಟಿಕೆಟ್ ತಗೊಂಡು ಹುಬ್ಬಳ್ಳಿಗೆ ಬಸ್ ಹತ್ತಿದ ಹುಡುಗೂರು ಏನ್ ತಪ್ಪು ಮಾಡಿದ್ರು?

ಈಗ ಹೆಸರಿನ ಮಾತಿಗೆ ಬರ್ತೀನಿ. ದೊಡ್ಡ ಊರಿನ ಹೆಸರಿದ್ರ ಟೀಮ್ ಓಡತೈತಿ ಅಂತಾರಲ್ಲ, 2008ರ ಐಪಿಎಲ್ ಹರಾಜು ತಗೀರಿ. ಮುಂಬೈ ಟೀಮ್ 111.9 ಮಿಲಿಯನ್ ಡಾಲರ್, ಬೆಂಗಳೂರು 111.6 ಮಿಲಿಯನ್. ಎಂಟರಾಗ ಎಲ್ಲಾಕ್ಕಿಂತ ಸೋವಿ ಜೈಪುರ, 67 ಮಿಲಿಯನ್. ಆ ವರ್ಷ ಕಪ್ ಎತ್ತಿದ್ದು ಆ ಸೋವಿ ಟೀಮ, ರಾಜಸ್ಥಾನ ರಾಯಲ್ಸ್, ಕಡೀ ಬಾಲಿಗೆ ಚೆನ್ನೈನ ಸೋಲಿಸಿ. ನಮ್ಮ ಆರ್‌ಸಿಬಿ ಏಳನೇದು ಬಂದಿತ್ತು. ಕಬಡ್ಡಿ ನೋಡ್ರಿ, ಪ್ರೊ ಕಬಡ್ಡಿ ಚಾಲೂ ಆದಾಗ ಪಟ್ನಾ ಅನ್ನೂ ಹೆಸರಿಗೆ ಎಷ್ಟು ಮಂದಿ ರೊಕ್ಕ ಹಾಕಾಕ ಓಡಿ ಬರ್ತಿದ್ರು? ಪಟ್ನಾ ಪೈರೇಟ್ಸ್ ಒಂದರ ಮ್ಯಾಲ ಒಂದು ಮೂರು ಸಲ ಗೆದ್ದ್ರು, ಈಗ ಕಬಡ್ಡಿ ಅಂದ್ರ ಪಟ್ನಾ ಹೆಸರು ಬರಲಾರದ ಮಾತ ಮುಗಿಯೂದಿಲ್ಲ. ಸ್ಪೇನ್‌ನ್ಯಾಗ ವಿಯಾರಿಯಲ್ ಅಂತ ಐವತ್ತು ಸಾವಿರ ಮಂದಿ ಇರೂ ಊರು ಐತಿ, ನಮ್ಮ ಇಂಡಿ, ಮುದ್ದೇಬಿಹಾಳದಂಥಾ ತಾಲೂಕು ಊರು ಅಂತ ತಿಳಕೋರಿ. ಆ ಊರಿನ ಫುಟ್‌ಬಾಲ್ ಟೀಮ್ 2021ರಾಗ ಯುರೋಪಾ ಲೀಗ್ ಫೈನಲ್‌ನ್ಯಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ಪೆನಾಲ್ಟಿಯೊಳಗ 11–10ಕ್ಕ ಸೋಲಿಸಿ ಕಪ್ ತಗೊಂಡು ಹೋತು. ವಿಜಯಪುರದಾಗ ಮೂರು ಲಕ್ಷಕ್ಕಿಂತ ಹೆಚ್ಚು ಮಂದಿ ಅದೀವಿ!

ಮತ್ತ ನಮ್ಮೂರಿಗೆ ಹೆಸರಿಲ್ಲ ಅನ್ನೂ ಮಾತರ ಖರೆ ಏನ್ರಿ? 1656ರಾಗ ಕಟ್ಟಿ ಮುಗಿಸಿದ ಗೋಲಗುಂಬಜ್ ದೇಶದ ಎಲ್ಲಾ ಸಾಲಿ ಹುಡುಗರಿಗೂ ಗೊತ್ತು. ಬ್ಯಾರೆ ರಾಜ್ಯಕ್ಕ ಹೋಗಿ ಬಿಜಾಪುರದವರು ಅಂತ ಹೇಳ್ರಿ, “ಹಾಂ, ಗೋಲಗುಂಬಜ್” ಅಂತಾರ. ಹೆಸರು ಐತಿ, ಸಾವಿರ ಸಲ ಐತಿ. ಆದ್ರ ಆ ಹೆಸರಿನ್ಯಾಗ ಸತ್ತ ಸುಲ್ತಾನರು ಅದಾರ, ಬದುಕಿರೂ ನಾವು ಇಲ್ಲ. ನನ್ನ ಸಂಕಟ ಅದ. ಬೆಳಿಗ್ಗೆ ಐದಕ್ಕ ಸೈಕಲ್ ತುಳಿಯೂ ಹುಡುಗರು, ಅಂಬೇಡ್ಕರ್ ಕ್ರೀಡಾಂಗಣದಾಗ ಧೂಳು ಎಬ್ಬಿಸಿ ಓಡೂ ಹುಡುಗ್ಯಾರು, ಇವರ ಹೆಸರು ಯಾರಿಗೆ ಗೊತ್ತೈತಿ? 2017ರ ವರ್ಲ್ಡ್ ಕಪ್ಪಿನ್ಯಾಗ ನ್ಯೂಜಿಲೆಂಡ್ ಮ್ಯಾಲ 15 ರನ್ನಿಗೆ 5 ವಿಕೆಟ್ ತಗೊಂಡು ಅವರನ್ನ 79ಕ್ಕ ಆಲೌಟ್ ಮಾಡಿಸಿ ಭಾರತನ ಸೆಮಿಫೈನಲ್‌ಗೆ ಮುಟ್ಟಿಸಿದ ರಾಜೇಶ್ವರಿ ಗಾಯಕವಾಡ ನಮ್ಮೂರಾಕಿ. ಮುಂದ ಮಹಿಳಾ ಐಪಿಎಲ್‌ನ್ಯಾಗ ಆಕಿ ಆಡಿದ್ದು ಯುಪಿ ಹೆಸರಿನ ಟೀಮಿಗೆ. ಆಡ್ಲಿ, ಛಲೋ ಆತು, ನಾ ಆಕಿಗೆ ಎಲ್ಲಿ ಆಡಿದ್ರೂ ಚಪ್ಪಾಳಿ ಹೊಡೀತೀನಿ. ಆದ್ರ ಎದಿ ಮ್ಯಾಲ ನಮ್ಮೂರ ಹೆಸರು ಬರಕೊಂಡು ಆಕಿ ಬಾಲ್ ಹಾಕೂದನ್ನ ನೋಡೂ ಆಸೆ ನನಗ ಇರಬಾರದೇನು?

ಜರ್ಸಿ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ಇಂಥಾ ಅಂಗಡಿ ಅಂತ ಹೆಸರು ಬ್ಯಾಡ, ಗಾಂಧಿ ಚೌಕದ ಕಡೆ ಒಂದು ಸ್ಪೋರ್ಟ್ಸ್ ಅಂಗಡಿ, ಹೋದ ವಾರ ಹೋಗಿದ್ದೆ. ಬಾಗಲಾದಾಗ ಹಗ್ಗಕ್ಕ ಸಾಲಾಗಿ ಆರ್‌ಸಿಬಿ ಕೆಂಪು, ಚೆನ್ನೈ ಹಳದಿ, ಮುಂಬೈ ನೀಲಿ, ಮೂರರ ಮ್ಯಾಲೂ ಪ್ಲಾಸ್ಟಿಕ್ ಕವರು, ಕವರಿನ ಮ್ಯಾಲ ರೋಡಿನ ಧೂಳು. ಹತ್ತ್ ಹನ್ನೆರಡು ವರ್ಷದ ಹುಡುಗ ಒಂದು ಚೆನ್ನೈ ಜರ್ಸಿ ಎದಿಗೆ ಹಿಡಕೊಂಡು ಅಳತಿ ನೋಡಾಕತ್ತಿದ್ದ, ತೋಳಿನ ಹೊಲಿಗಿ ಅಲ್ಲೇ ಬಿಚ್ಚಿತ್ತು, ಆದ್ರೂ ಕೈಬಿಡಲಿಲ್ಲ ಅಂವ. ನಮ್ಮೂರ ಹೆಸರಿಂದು ಏನರ ಐತೇನ್ರಿ ಅಂತ ಕೇಳಿದೆ. ಅಂಗಡಿಯಾಂವ ಪಾಪ ಒಳಗ ಹೋಗಿ ಒಂದು ಹಳೇ ಡಬ್ಬಿ ಹುಡಿಕ್ಯಾಡಿ ಬಂದು, “ಇಲ್ರಿ ಸರ್, ಬುಲ್ಸ್ ಇದ್ದಾಗ ಹುಡುಗೂರು ಬಂದು ಕೇಳ್ತಿದ್ರು, ಆವಾಗನೂ ನಮಗ ಮಾಲು ಬರಲಿಲ್ಲ” ಅಂದ. ಕೇಳಿಸಿತೇನ್ರಿ? ಕೇಳಿದ್ರು, ಕೊಟ್ಟವರಿಲ್ಲ. ಅಂಗಡಿಗೆ ಮಾಲ ಕಳಸಲಾರದ ಜರ್ಸಿ ಹೋಗಂಗಿಲ್ಲ ಅಂತ ಲೆಕ್ಕ ಬರದ್ರ ಅದು ಯಾವ ಲೆಕ್ಕ?

ಇನ್ನ ಅಸಲಿ ವಿಷಯ. ನಮ್ಮ ಬುಲ್ಸ್ ಟೀಮು ಮ್ಯಾಚ್ ಆಡಿದ್ದೆಲ್ಲಾ ಬೆಂಗಳೂರು, ಮೈಸೂರು, ಹುಬ್ಬಳ್ಳಿಯೊಳಗ. ಊರ ಹೆಸರು ಹಾಕ್ಕೊಂಡ್ರು, ಊರಾಗ ಆಡಲಿಲ್ಲ. ಲಗ್ನಪತ್ರಿಕಾದಾಗ ಹೆಸರು ಹಾಕಿಸಿ ಊಟಕ್ಕ ಕರೀಲಾರದಂಗ ಆತು ನಮ್ಮ ಬಾಳ್ವೆ. ಈಗಿನ ಟ್ರೋಫಿದೂ ಅದ ಹಣೇಬರಹ, ಮ್ಯಾಚೆಲ್ಲಾ ಬೆಂಗಳೂರು ಇಲ್ಲಾ ಮೈಸೂರಾಗ. 2022ರಾಗ ಗುಲ್ಬರ್ಗ ಮಿಸ್ಟಿಕ್ಸ್ ಕಪ್ ಗೆದ್ದ್ರು, ಕಲಬುರ್ಗಿ ಮಂದಿ ಟಿವಿಯೊಳಗ ನೋಡಿದ್ರು. ಮರುವರ್ಷ ಹುಬ್ಬಳ್ಳಿ ಟೈಗರ್ಸ್ ಗೆದ್ದ್ರು, ಹುಬ್ಬಳ್ಳಿ ಮಂದೀನೂ ಟಿವಿಯೊಳಗ. ಒಂದು ಊರಿನ ಟೀಮ್ ಅಂದ್ರ ಆ ಊರಿನ ಪಾರ್‌ಗೋಳು ಗೋಡಿ ಹತ್ತಿ ನೋಡಬೇಕ್ರಿ, ಬೌಂಡರಿ ಹತ್ರ ನಿಂತ ಫೀಲ್ಡರ್‌ಗೆ ಹೆಸರು ಹಿಡದು ಕೂಗಬೇಕು, ಮ್ಯಾಚ್ ಮುಗದ ಮ್ಯಾಲ ಆ ಆಟಗಾರ ನಮ್ಮ ಕಿರಾಣಿ ಅಂಗಡಿ ಮುಂದ ಹಾದು ಹೋಗಬೇಕು. ಆವಾಗ ಹೆಸರು ತಾನ ಬೆಳೀತೈತಿ.

ಅಕ್ಕನ ಮಗ ಇದಕ್ಕೂ ಉತ್ತರ ಇಟ್ಟಿದ್ದ. ಫ್ಲಡ್‌ಲೈಟ್ ಬೇಕು, ಟಿವಿಯವರಿಗೆ ವ್ಯವಸ್ಥಾ ಬೇಕು, ಆಟಗಾರರಿಗೆ ದೊಡ್ಡ ಹೋಟೆಲ್ ಬೇಕು ಅಂದ. ವಿಜಯಪುರದಾಗ ನಾಳೆನ ಆಡಸ್ರಿ ಅಂತ ನಾನೂ ಹೇಳೂದಿಲ್ಲ. ಆದ್ರ ಬೆಳಗಾವಿ ಆಟೋನಗರದ ಗ್ರೌಂಡ್ ಏನಾತು? ರಣಜಿ ಆಡ್ಯಾರ. 2019ರ ಮೇ ತಿಂಗಳಾಗ ಇಂಡಿಯಾ ಎ, ಶ್ರೀಲಂಕಾ ಎ ನಾಕು ದಿನದ ಮ್ಯಾಚ್ ಅಲ್ಲೇ ಆಡ್ಯಾರ. ಶ್ರೀಲಂಕಾದಿಂದ ಬಂದವರಿಗೆ ಇಳಕೊಳ್ಳಾಕ ಜಾಗಾ ಸಿಕ್ಕತೈತಿ, ಬೆಂಗಳೂರಿಂದ ಬರೂ ಹುಡುಗೂರಿಗೆ ಸಿಗಂಗಿಲ್ಲ ಅಂದ್ರ ನಂಬೂ ಮಾತ ಅದು? ರಾತ್ರಿ ಮ್ಯಾಚ್ ಆಗಲಿಲ್ಲಂದ್ರ ಹಗಲ ಆಡಸ್ರಿ, ನಾವು ಬಿಸಲಾಗ ಕುಂತು ನೋಡ್ತೀವಿ, ಬಿಸಲು ನಮಗ ಹೊಸಾದಲ್ಲ.

ಒಂದು ಮಾತು ತಪ್ಪು ತಿಳಕೋಬ್ಯಾಡ್ರಿ, ನಾ ಆರ್‌ಸಿಬಿ ಬೈಯಾಕತ್ತಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನ್ಯಾಗ ಆರು ರನ್ನಿಂದ ಗೆದ್ದಾಗ ನಮ್ಮ ಓಣ್ಯಾಗ ಎಲ್ಲಾರ್ಕಿಂತ ಮೊದಲ ಪಟಾಕಿ ಹಚ್ಚಿದಾಂವ ನಾ, ಕಣ್ಣಾಗ ನೀರು ಬಂದಿದ್ದು ಮನಿಯವರೆಲ್ಲಾ ನೋಡ್ಯಾರ. ಬೆಂಗಳೂರಿನ ಹೆಸರಿಗೆ ಇಷ್ಟು ಜೀವ ಬಿಡೂ ಮಂದಿ ನಾವು. ನಮ್ಮೂರ ಹೆಸರಿಗೆ ಎಷ್ಟು ಬಿಡ್ತಿದ್ವಿ, ಒಮ್ಮೆ ನೋಡ್ರಲಾ!

ಬೆಳಗಾವಿ, ಬಾಗಲಕೋಟಿ ಗೆಳ್ಯಾರಾ, ಈಗ ನಿಮ್ಮನ್ನ ಕೇಳ್ತೀನಿ. ಮೂರು ಊರಿಗೆ ಮೂರು ಟೀಮ್ ಯಾರೂ ಕೊಡಂಗಿಲ್ಲ. ಮೂರೂ ಜಿಲ್ಲಾದವರು ಕೂಡಿ ಒಂದು ಟೀಮ್ ಕೇಳೂಣೇನು? ಹೆಸರು ಬೆಳಗಾವಿದ ಇರಲಿ, ನನಗ ಬ್ಯಾಸರಿಲ್ಲ, ಮ್ಯಾಚ್ ಮಾತ್ರ ಆಟೋನಗರದಾಗ ಆಗಬೇಕು ಮತ್ತ ಬಾಗಲಕೋಟಿ, ವಿಜಯಪುರದ ಹುಡುಗರಿಗೆ ಟೀಮಿನ್ಯಾಗ ಜಾಗಾ ಇರಬೇಕು. ಮನವಿ ಬರಿಯೂ ಕೆಲಸ ನಾ ಮಾಡ್ತೀನಿ. ಸಹಿ ಮಾಡೂ ಮನಸಿದ್ದವರು ಕೆಳಗ ಊರ ಹೆಸರು ಹಾಕ್ರಿ, ಈ ಐತವಾರದೊಳಗ.