ಮೊದಲು ಪಟ್ಟಿ ತೋರಿಸಿ

ಅಂಚೆಯಲ್ಲಿ ಮನೆಗೆ ಬರುವ ಜಾಹೀರಾತು ಪತ್ರಗಳನ್ನು ಬರೆಯುವುದು ನನ್ನ ಕಸುಬು. ಮೊಬೈಲ್ ಕಾಲದಲ್ಲಿ ಕಾಗದ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ನನಗೆ ಈಗಲೂ ಪೂರ್ತಿ ನಂಬಿಕೆ. ಸಿಟ್ಟಿರುವುದು ನಾವು ಅದನ್ನು ಕಳಿಸುವ ರೀತಿಯ ಮೇಲೆ.

ಒಮ್ಮೆ ಬಟವಾಡೆಯಾಗದೆ ಮರಳಿದ ಲಕೋಟೆಗಳ ಕಟ್ಟನ್ನು ಬಿಚ್ಚುತ್ತಿದ್ದೆ. 'ವಿಳಾಸದಾರರು ಇಲ್ಲ', 'ಮನೆ ಬದಲಿಸಿದ್ದಾರೆ' ಎಂಬ ಮಾಮೂಲಿ ಷರಾಗಳು. ಒಂದರ ಮೇಲೆ ಮಾತ್ರ ನೀಲಿ ಶಾಯಿಯಲ್ಲಿ, ಒತ್ತಿ ಬರೆದ ಎರಡು ಸಾಲು: 'ಇವರು ತೀರಿಕೊಂಡು ಎರಡು ವರ್ಷವಾಯಿತು. ಹಿಂದೆಯೂ ತಿಳಿಸಿದ್ದೆ.' ಒಳಗಿನ ಪತ್ರ ನಾನೇ ಬರೆದದ್ದು. ಅದು ಶುರುವಾಗುತ್ತಿದ್ದದ್ದು 'ನಿಮಗಾಗಿಯೇ' ಎಂಬ ಪದದಿಂದ.

ತಿಳಿಸಿದ್ದರು. ನಮ್ಮಲ್ಲಿ ಯಾರೂ ಓದಿರಲಿಲ್ಲ.

ಈ ಕಸುಬಿನಲ್ಲಿ ಹಳೆಯದೊಂದು ಅಂದಾಜಿದೆ: ಪತ್ರದ ಫಲದಲ್ಲಿ ಶೇ. 40 ವಿಳಾಸ ಪಟ್ಟಿಯದು, ಶೇ. 40 ಪತ್ರ ಗ್ರಾಹಕರ ಮುಂದಿಡುವ ಕೊಡುಗೆಯದು, ಬರಹ ಮತ್ತು ವಿನ್ಯಾಸದ್ದು ಉಳಿದ 20 ಮಾತ್ರ. ಬರೆಯುವವನಾಗಿ ನಾನಿದನ್ನು ಮನಸಾರೆ ಒಪ್ಪುತ್ತೇನೆ. ಆದರೂ ನಮ್ಮ ಸಭೆಗಳ ಮುಕ್ಕಾಲು ಹೊತ್ತು ಕಾಗದದ ಹೊಳಪಿಗೆ, ಲೋಗೋದ ಗಾತ್ರಕ್ಕೆ ಹೋಗುತ್ತದೆ. ಪಟ್ಟಿ ಎಲ್ಲಿಂದ ಬಂತು, ಯಾವ ವರ್ಷದ್ದು, ಅದರಲ್ಲಿರುವವರು ನಮ್ಮಿಂದ ಪತ್ರ ಬೇಕೆಂದು ಎಂದಾದರೂ ಹೇಳಿದ್ದರೇ ಎಂದು ಕೇಳುವವರಿಲ್ಲ.

1872ರಲ್ಲಿ ಷಿಕಾಗೋದ ಆರನ್ ಮಾಂಟ್ಗೊಮರಿ ವಾರ್ಡ್ ಹಳ್ಳಿಗಾಡಿನ ರೈತರಿಗೆ ಕಳಿಸಿದ್ದು ಒಂದೇ ಹಾಳೆಯ ಬೆಲೆಪಟ್ಟಿ. ಮುಖ ಕಾಣದ ವ್ಯಾಪಾರಿಯನ್ನು ಜನ ನಂಬಬೇಕಿತ್ತು. ಕೆಲವೇ ವರ್ಷಗಳಲ್ಲಿ ಆತ ಒಪ್ಪಿಗೆಯಾಗದಿದ್ದರೆ ಹಣ ವಾಪಸ್ ಎಂಬ ಮಾತನ್ನೂ ಕೊಟ್ಟ. ಅಂಚೆ ವ್ಯಾಪಾರ ನಿಂತದ್ದು ಆ ಭರವಸೆಯ ಮೇಲೆ.

ಅಳತೆಯಲ್ಲೂ ಈ ದಾರಿ ಪ್ರಾಮಾಣಿಕವಾದದ್ದು. ಪಟ್ಟಿಯನ್ನು ಎರಡು ಪಾಲು ಮಾಡಿ, ಒಂದೊಂದಕ್ಕೂ ಬೇರೆ ತಲೆಬರಹ ಕೊಟ್ಟು, ಗ್ರಾಹಕರು ತುಂಬಿ ಕಳಿಸುವ ಕೂಪನ್ನಿನ ಮೂಲೆಯಲ್ಲಿ ಬೇರೆ ಬೇರೆ ಸಂಕೇತ ಅಚ್ಚು ಹಾಕಿದರೆ ಸಾಕು. ಯಾವುದು ಕೆಲಸ ಮಾಡಿತೆಂದು ಮರಳಿ ಬಂದ ಕೂಪನ್ನುಗಳೇ ಹೇಳುತ್ತವೆ. ಆದರೆ ಪಟ್ಟಿಯೇ ಕೊಳೆತಿದ್ದರೆ ಆ ಲೆಕ್ಕಕ್ಕೂ ಅರ್ಥವಿಲ್ಲ.

ಈಗ ನಾನು ಪಟ್ಟಿ ನೋಡದೆ ಒಂದು ಸಾಲನ್ನೂ ಬರೆಯುವುದಿಲ್ಲ. ಹಿಂದಿನ ಸಲ ಮರಳಿದ ಲಕೋಟೆಗಳನ್ನು ಒಂದೊಂದಾಗಿ ಓದಿ, ತೆಗೆಯಬೇಕಾದ ಹೆಸರು ತೆಗೆಯಲು ಪೂರ್ತಿ ಒಂದು ದಿನ ಬೇಕು. ಆ ಒಂದು ದಿನ ಕೊಡಲಾಗದು ಎನ್ನುವವರ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದೇನೆ.