ಬಂಡೀಪುರದ ಗೇಟ್ ರಾತ್ರಿ ಕ್ಯಾರವಾನ್‌ಗೂ ತೆರೆಯಲ್ಲ
'ಕ್ಯಾರವಾನ್ ಅಂದ್ರೆ ಮನೆ ಇದ್ದ ಹಾಗೆ, ರಾತ್ರಿ ಬಂಡೀಪುರ ದಾಟಲು ಬಿಡ್ತಾರೆ, ನಿದ್ದೆ ಬಂದರೆ ಕಾಡಲ್ಲೇ ನಿಲ್ಲಿಸಬಹುದು' ಅಂತ ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಮಾತು ಸುಳ್ಳು. ಗುಂಡ್ಲುಪೇಟೆ ದಾಟಿದ ಮೇಲೆ ಸಿಗುವ ಎರಡೂ ಕಾಡುದಾರಿ, ಊಟಿ ಕಡೆಯದ್ದೂ ವಯನಾಡಿನ ಸುಲ್ತಾನ್ ಬತ್ತೇರಿ ಕಡೆಯದ್ದೂ, 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಆಂಬುಲೆನ್ಸ್‌ನಂಥ ತುರ್ತು ವಾಹನಕ್ಕೆ, ಕೆಲವೇ ಸರ್ಕಾರಿ ಬಸ್ಸಿಗೆ ಮಾತ್ರ ವಿನಾಯಿತಿ. ಒಳಗೆ ಹಾಸಿಗೆ, ಗ್ಯಾಸ್ ಒಲೆ ಇದ್ದರೂ ಗಾಡಿ ಗಾಡಿಯೇ ಅಲ್ವಾ? ಕಾಡೊಳಗೆ ಹಗಲಲ್ಲೂ ನಿಲ್ಲಿಸುವಂತಿಲ್ಲ.

ವಯನಾಡಿಗೆ ರಾತ್ರಿಯೇ ಹೋಗಬೇಕಿದ್ದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ದಾರಿ ಇದೆ. ಸುತ್ತು ಸ್ವಲ್ಪ ಜಾಸ್ತಿ. ಊಟಿಗಾದರೆ ಹಗಲಲ್ಲೇ ಹೋಗಿ, ಆದರೆ ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿ ಬೇಡ. 36 ಹೇರ್‌ಪಿನ್ ತಿರುವು, ಕಡಿದಾದ ಏರು. ಉದ್ದನೆಯ ಗಾಡಿಗೆ ಗೂಡಲೂರು ದಾರಿಯೇ ವಾಸಿ.