ವಯಸ್ಕರ ಸ್ವಯಂ ಆರೈಕೆ ಕುರಿತ ಸಂದೇಶ: ಸ್ಪಷ್ಟನೆ

ಬೌದ್ಧಿಕ ಅಂಗವೈಕಲ್ಯವುಳ್ಳವರು 18 ವರ್ಷ ದಾಟಿದ ಮೇಲೆ ಸ್ನಾನ, ಹಲ್ಲುಜ್ಜುವಿಕೆಯಂಥ ಕೆಲಸಗಳನ್ನು ಹೊಸದಾಗಿ ಕಲಿಯಲಾರರು, ಎಲ್ಲವನ್ನೂ ಮನೆಯವರೇ ಮಾಡಿಕೊಡಬೇಕು ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಕಲಿಕೆಗೆ ಅಂತಹ ವಯೋಮಿತಿಯಿಲ್ಲ. ಕಲಿಯುವ ವೇಗ ಮಾತ್ರ ಒಬ್ಬೊಬ್ಬರದು ಒಂದೊಂದು. ವಿಶೇಷ ಶಿಕ್ಷಣದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಕ್ರಮದಂತೆ, ಹಲ್ಲುಜ್ಜುವುದನ್ನು ಬ್ರಷ್ ಒದ್ದೆ ಮಾಡುವುದು, ಪೇಸ್ಟ್‌ನ ಮುಚ್ಚಳ ತಿರುಗಿಸುವುದು, ಸ್ವಲ್ಪವೇ ಪೇಸ್ಟ್ ಹಚ್ಚುವುದು ಎಂದು ಸಣ್ಣ ಹಂತಗಳಾಗಿ ಬಿಡಿಸಿ, ಆ ಹಂತಗಳ ಚಿತ್ರಗಳನ್ನು ಕನ್ನಡಿಯ ಪಕ್ಕ ಅಂಟಿಸಿ, ಮೊದಲು ಅವರ ಒಪ್ಪಿಗೆ ಪಡೆದು ಕೈಹಿಡಿದು, ಬಳಿಕ ಬರಿಯ ಸನ್ನೆಯಿಂದ ನೆನಪಿಸುತ್ತ, ನೆರವನ್ನು ಕ್ರಮೇಣ ಕಡಿಮೆ ಮಾಡಲಾಗುತ್ತದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 26ನೇ ವಿಧಿಯೂ ಗರಿಷ್ಠ ಸ್ವಾವಲಂಬನೆಯನ್ನೇ ಗುರಿಯಾಗಿಸಿದೆ. ಕೆಲವರಿಗೆ ಕೆಲವು ಹಂತಗಳಲ್ಲಿ ಜೀವನಪೂರ್ತಿ ನೆರವು ಬೇಕಾಗಬಹುದು ನಿಜ. ಆದರೆ ತಾವೇ ಮಾಡಬಲ್ಲ ಕೆಲಸವನ್ನೂ ಅವರ ಕೈಯಿಂದ ಕಸಿಯುವುದಕ್ಕೆ ಅದು ಕಾರಣವಾಗಬಾರದು. ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಫಾರ್ವರ್ಡ್ ಮಾಡಬೇಡಿ.